ಬೇಕಿರೋದು 113, ಹಂಚೋಕಿರೋದು 34

2008ರ ಮೇ 25ರಂದು ಮತ ಎಣಿಕೆ ಮುಗಿದಾಗ ಬಿಜೆಪಿ 110ಕ್ಕೆ ಬಂದು ನಿಂತಿತ್ತು. ಕಾಂಗ್ರೆಸ್ 80, ಜೆಡಿಎಸ್ 28. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ, ಬಹುಮತಕ್ಕೆ 113 ಬೇಕು. ಮೂರೇ ಮೂರು ಕಡಿಮೆ. ಉಳಿದ ಆರು ಸ್ಥಾನ ಗೆದ್ದವರು ಪಕ್ಷೇತರರು. ಅವರಲ್ಲಿ ಇಬ್ಬರು ಚಿತ್ರದುರ್ಗ ಜಿಲ್ಲೆಯವರು: ಹೊಸದುರ್ಗದ ಗೂಳಿಹಟ್ಟಿ ಶೇಖರ್, ಹಿರಿಯೂರಿನ ಡಿ. ಸುಧಾಕರ್. ಪಕ್ಕದ ಪಾವಗಡದಿಂದ ಗೆದ್ದ ವೆಂಕಟರಮಣಪ್ಪ ಇನ್ನೊಬ್ಬರು. ಪಾವಗಡ ತುಮಕೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಚಿತ್ರದುರ್ಗ ಕ್ಷೇತ್ರಕ್ಕೇ ಸೇರುತ್ತೆ. ಹಾಗೆ ನೋಡಿದರೆ ಯಡಿಯೂರಪ್ಪನವರಿಗೆ ಕಡಿಮೆ ಬಿದ್ದ ಮೂರು ಸ್ಥಾನಗಳೂ ದುರ್ಗದ ಸೀಮೆಯಲ್ಲೇ ಸಿಗುತ್ತಿದ್ದವು.

ಆರು ಪಕ್ಷೇತರರಲ್ಲಿ ಐವರು ಬೆಂಬಲ ಕೊಟ್ಟರು. ಐವರೂ ಮಂತ್ರಿಗಳಾದರು. ಬೆಂಬಲಕ್ಕೆ ಬೆಲೆ ಇರುತ್ತೆ, ಅದರಲ್ಲಿ ಅಚ್ಚರಿ ಏನಿಲ್ಲ. ಆದರೆ ಆಮೇಲೆ ಆಗಿದ್ದನ್ನು ನೋಡಿದರೆ ಅತಂತ್ರ ವಿಧಾನಸಭೆ ನಿಜವಾಗಿ ಹೇಗೆ ನಡೆಯುತ್ತೆ ಅನ್ನೋದು ತಿಳಿಯುತ್ತೆ.

ಫಲಿತಾಂಶದ ದಿನ ನಾವೆಲ್ಲ ನೋಡೋದು ಒಂದೇ ಸಂಖ್ಯೆ. ಯಾರಿಗೆ ಎಷ್ಟು, 113ಕ್ಕೆ ಎಷ್ಟು ಕಡಿಮೆ. ಅದರ ಜೊತೆ ಇನ್ನೊಂದು ಸಂಖ್ಯೆಯನ್ನೂ ನೋಡಬೇಕು ಅನ್ನೋದು ನನ್ನ ವಾದ. ಅದು 34. ಸಂವಿಧಾನದ 91ನೇ ತಿದ್ದುಪಡಿ ಪ್ರಕಾರ ಮಂತ್ರಿಮಂಡಲದ ಗಾತ್ರ ವಿಧಾನಸಭೆಯ ಒಟ್ಟು ಸದಸ್ಯರ ಶೇ 15ನ್ನು ದಾಟಬಾರದು. ಕರ್ನಾಟಕಕ್ಕೆ ಅದು ಮುಖ್ಯಮಂತ್ರಿಯೂ ಸೇರಿ 34. ಮೊದಲೆಲ್ಲ ಈ ಮಿತಿ ಇರಲಿಲ್ಲ. ಬೇಕಾದಷ್ಟು ಖಾತೆ ಒಡೆದು, ಬೇಕಾದಷ್ಟು ಮಂದಿಗೆ ಹಂಚಬಹುದಿತ್ತು. 2003ರ ಆ ತಿದ್ದುಪಡಿ ಖರ್ಚಿಗೆ ಕಡಿವಾಣ ಹಾಕಿತು, ಒಳ್ಳೆಯದೇ. ಆದರೆ ಸರ್ಕಾರ ನಿಲ್ಲಿಸೋಕೆ 113 ಜನ ಬೇಕು, ಕೂರಿಸೋಕೆ ಕುರ್ಚಿ ಇರೋದು 34. ಮಿಕ್ಕ 79 ಜನರನ್ನು ಏನು ಹೇಳಿ ಸಮಾಧಾನ ಮಾಡಬೇಕು? ಒಂದೇ ಪಕ್ಷಕ್ಕೆ ದೊಡ್ಡ ಬಹುಮತ ಬಂದರೆ ಸುಮ್ನೆ ಕೂರಿಸಬಹುದು, ಹತ್ತು ಜನ ಮುನಿಸಿಕೊಂಡರೂ ಸರ್ಕಾರ ಅಲ್ಲಾಡಲ್ಲ. ಅಂಚಿನ ಬಹುಮತದಲ್ಲಿ ಮೂರು ಜನ ಮುನಿಸಿಕೊಂಡರೂ ಸಾಕು.

2008ರ ಸರ್ಕಾರಕ್ಕೆ ಆಗಿದ್ದು ಇದೇ. ಪಕ್ಷೇತರರ ಮೇಲೆ ನಿಂತಿರೋದು ಅಪಾಯ ಅಂತ ಬಿಜೆಪಿಗೆ ಬೇಗ ಗೊತ್ತಾಯಿತು. ಹಾಗಾಗಿ ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ, ತನ್ನ ಚಿಹ್ನೆಯಲ್ಲಿ ಮತ್ತೆ ನಿಲ್ಲಿಸಿತು. ಇದಕ್ಕೇ ಜನ 'ಆಪರೇಷನ್ ಕಮಲ' ಅಂತ ಹೆಸರಿಟ್ಟರು. 2008ರ ಡಿಸೆಂಬರ್‌ನಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಐದನ್ನು ಬಿಜೆಪಿ ಗೆದ್ದಿತು. ಈಗ ಅದರ ಸ್ವಂತ ಬಲವೇ 115. ಅಲ್ಲಿಗೆ ಪಕ್ಷೇತರರ ಬೆಲೆ ಇಳಿಯಿತು. ಅದೇ ಹೊತ್ತಿಗೆ ಪಕ್ಷದೊಳಗೆ ಇನ್ನೊಂದು ಗೊಣಗಾಟ ಶುರುವಾಯಿತು. ಪಕ್ಷೇತರರಿಗೆ ಕುರ್ಚಿ, ಹೊರಗಿನಿಂದ ಬಂದವರಿಗೂ ಕುರ್ಚಿ, ಬಾವುಟ ಹಿಡಿದು ಬೆಳೆದ ನಮಗೇನು?

2010ರ ಸೆಪ್ಟೆಂಬರ್‌ನ ಸಂಪುಟ ಪುನರ್‌ರಚನೆಯಲ್ಲಿ ಗೂಳಿಹಟ್ಟಿ ಶೇಖರ್ ಅವರನ್ನು ಕೈಬಿಡಲಾಯಿತು. ಅಕ್ಟೋಬರ್ ಮೊದಲ ವಾರದಲ್ಲೇ ಬಿಜೆಪಿಯ ಬಂಡಾಯ ಶಾಸಕರೂ ಐವರು ಪಕ್ಷೇತರರೂ ಬೆಂಬಲ ವಾಪಸ್ ಪಡೆದರು. ಮೂರು ಸ್ಥಾನದ ಕೊರತೆಗೆ ಕೊಟ್ಟ ಕುರ್ಚಿಗಳು ಎರಡು ವರ್ಷದಲ್ಲಿ ಎರಡು ಕಡೆಯಿಂದಲೂ ಉರಿ ಹಚ್ಚಿದ್ದವು. ಸಿಗದವರ ಸಿಟ್ಟು ಒಂದು ಕಡೆ, ಸಿಕ್ಕಿದ್ದನ್ನು ಕಳೆದುಕೊಂಡವರ ಸಿಟ್ಟು ಇನ್ನೊಂದು ಕಡೆ.

ಮುಂದೆ ನಡೆದಿದ್ದನ್ನು ಬಹಳ ಜನ ನೆನಪಿಟ್ಟುಕೊಂಡಿರೋದು ಸದನದಲ್ಲಿ ಗೂಳಿಹಟ್ಟಿ ಶೇಖರ್ ಅವರ ಹರಿದ ಅಂಗಿಯ ದೃಶ್ಯದಿಂದ. ಟಿವಿಯವರು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ನೋಡಬೇಕಿದ್ದ ಲೆಕ್ಕ ಬೇರೆ ಇತ್ತು. ವಿಶ್ವಾಸಮತಕ್ಕೆ ಮುಂಚೆ ಸ್ಪೀಕರ್ ಕೆ.ಜಿ. ಬೋಪಯ್ಯ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದರು. ಹದಿನಾರು ಜನ ಹೋದರೆ ಸದನದ ಬಲ 224ರಿಂದ 208ಕ್ಕೆ ಇಳಿಯುತ್ತೆ. ಆಗ 113 ಬೇಕಾಗಲ್ಲ, 105 ಸಾಕು. ಅಕ್ಟೋಬರ್ 11ರಂದು ಧ್ವನಿಮತದಲ್ಲಿ ಗೆದ್ದಿದ್ದು ವಿವಾದವಾಯಿತು. ಅಕ್ಟೋಬರ್ 14ರಂದು ಎರಡನೇ ಸಲ ಮತಕ್ಕೆ ಹಾಕಿದಾಗ ಸರ್ಕಾರದ ಪರ 106, ವಿರುದ್ಧ 100.

ಅನರ್ಹತೆ ಸುಪ್ರೀಂ ಕೋರ್ಟಿಗೆ ಹೋಯಿತು. ಪಕ್ಷೇತರರ ಪ್ರಕರಣ ಕಾನೂನು ಪುಸ್ತಕಗಳಲ್ಲಿ ಇರೋದೇ ಹಿರಿಯೂರಿನ ಶಾಸಕರ ಹೆಸರಲ್ಲಿ. ಪ್ರಶ್ನೆ ಸರಳ, ಉತ್ತರ ಮಾತ್ರ ಸರಳ ಇರಲಿಲ್ಲ. ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವುದೇ ಪಕ್ಷ ಸೇರಿದರೆ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ ಅಂತ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಹೇಳುತ್ತೆ. ಹಾಗಾದರೆ ಒಂದು ಪಕ್ಷದ ಸರ್ಕಾರದಲ್ಲಿ ಮಂತ್ರಿಯಾದರೆ ಆ ಪಕ್ಷ ಸೇರಿದ ಹಾಗಾಯಿತಾ? ಇಲ್ಲ ಅಂದಿತು ಕೋರ್ಟು. ಬೆಂಬಲ ಕೊಡೋದು ಬೇರೆ, ಮಂತ್ರಿಯಾಗೋದು ಬೇರೆ, ಪಕ್ಷ ಸೇರೋದು ಬೇರೆ. 2011ರಲ್ಲಿ ಹದಿನಾರೂ ಜನರ ಅನರ್ಹತೆ ರದ್ದಾಯಿತು. ಅಷ್ಟರಲ್ಲಿ ವಿಶ್ವಾಸಮತ ಮುಗಿದು ತಿಂಗಳುಗಳೇ ಕಳೆದಿದ್ದವು. ಸರ್ಕಾರ ಉಳಿದಿತ್ತು.

ಅಂದರೆ 113ನ್ನು ಮುಟ್ಟೋಕೆ ಎರಡು ದಾರಿ ಇವೆ. ಒಂದು, ನಿಮ್ಮ ಕಡೆ ಜನ ಸೇರಿಸೋದು. ಇನ್ನೊಂದು, ಸದನವನ್ನೇ ಚಿಕ್ಕದು ಮಾಡೋದು. ಪಕ್ಷಾಂತರ ನಿಷೇಧ ಕಾನೂನು ಮೊದಲನೆಯದನ್ನು ಕಷ್ಟ ಮಾಡಿದೆ. ಪಕ್ಷ ಒಡೆಯೋಕೆ ಮೊದಲು ಮೂರನೇ ಒಂದು ಭಾಗ ಸಾಕಿತ್ತು, ಈಗ ಅದು ಇಲ್ಲ. ವಿಲೀನ ಅಂತ ತೋರಿಸೋಕೆ ಮೂರನೇ ಎರಡು ಭಾಗ ಬೇಕು. ಎರಡನೇ ದಾರಿಗೆ ಕಾನೂನಲ್ಲಿ ಗಟ್ಟಿ ಬಾಗಿಲಿಲ್ಲ. ರಾಜೀನಾಮೆ ಕೊಡೋದು ಶಾಸಕರ ಹಕ್ಕು ಅಲ್ವಾ?

2019ರ ಜುಲೈನಲ್ಲಿ ನೋಡಿದ್ದು ಈ ಎರಡನೇ ದಾರಿಯನ್ನೇ. ಆದರೆ ಅದಕ್ಕೆ ಬರೋ ಮುಂಚೆ 2018ರ ಫಲಿತಾಂಶವನ್ನು ಒಮ್ಮೆ ನೋಡಬೇಕು. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಮತ ಪ್ರಮಾಣದಲ್ಲಿ ಕಾಂಗ್ರೆಸ್ ಶೇ 38ರಷ್ಟು ಪಡೆದು ಬಿಜೆಪಿಗಿಂತ ಮುಂದಿತ್ತು, ಸ್ಥಾನದಲ್ಲಿ ಹಿಂದೆ. ರಾಜ್ಯಪಾಲ ವಜುಭಾಯಿ ವಾಲಾ ಅತಿ ದೊಡ್ಡ ಪಕ್ಷವನ್ನು ಕರೆದು, ಬಹುಮತ ತೋರಿಸೋಕೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ಮಧ್ಯರಾತ್ರಿ ದಾಟಿದ ಮೇಲೆ ವಿಚಾರಣೆ ನಡೆಸಿತು. ಮೇ 18ರಂದು, ಮಾರನೇ ದಿನ ಅಂದರೆ ಮೇ 19ರ ಸಂಜೆಯೇ ವಿಶ್ವಾಸಮತ ಆಗಲಿ ಅಂತ ಹೇಳಿತು. ಯಡಿಯೂರಪ್ಪ ಮತಕ್ಕೆ ಹಾಕದೆಯೇ ರಾಜೀನಾಮೆ ಕೊಟ್ಟರು. ಮೇ 23ಕ್ಕೆ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಮುಖ್ಯಮಂತ್ರಿಯಾಗಿ ಕುಮಾರಸ್ವಾಮಿ ಪ್ರಮಾಣವಚನ.

ರಾಜ್ಯಪಾಲರು ಯಾರನ್ನು ಮೊದಲು ಕರೆಯಬೇಕು ಅನ್ನೋದಕ್ಕೆ ಕಾನೂನಲ್ಲಿ ಬರೆದ ಸಾಲು ಇಲ್ಲ. 1988ರ ಸರ್ಕಾರಿಯಾ ಆಯೋಗದ ವರದಿ ಒಂದು ಕ್ರಮ ಹೇಳಿದೆ. ಚುನಾವಣೆಗೆ ಮುಂಚೆಯೇ ಕೈ ಜೋಡಿಸಿದವರು ಮೊದಲು. ಆಮೇಲೆ ಇತರರ ಬೆಂಬಲ ಇರೋ ಅತಿ ದೊಡ್ಡ ಪಕ್ಷ. ಅದಾದ ಮೇಲೆ ಚುನಾವಣೆ ನಂತರದ ಮೈತ್ರಿ. 2017ರಲ್ಲಿ ಗೋವಾದಲ್ಲೂ ಮಣಿಪುರದಲ್ಲೂ ಅತಿ ದೊಡ್ಡ ಪಕ್ಷವಾಗಿದ್ದ ಕಾಂಗ್ರೆಸ್ಸನ್ನು ಬಿಟ್ಟು, ಆಮೇಲೆ ಕೂಡಿಕೊಂಡವರನ್ನು ಕರೆದಿದ್ದರು. 2018ರಲ್ಲಿ ಇಲ್ಲಿ ಉಲ್ಟಾ. ಇದರ ಮೇಲೆ ಟಿವಿ ಚರ್ಚೆಗಳು ಬೇಕಾದಷ್ಟು ಆಗಿವೆ. ನನಗನ್ನಿಸೋ ಮಟ್ಟಿಗೆ ಈ ಜಗಳದ ತೂಕ ಈಗ ಕಡಿಮೆಯಾಗಿದೆ. ಬಹುಮತ ತೀರ್ಮಾನ ಆಗಬೇಕಿರೋದು ಸದನದಲ್ಲಿ, ರಾಜಭವನದಲ್ಲಲ್ಲ ಅಂತ 1994ರ ಎಸ್.ಆರ್. ಬೊಮ್ಮಾಯಿ ತೀರ್ಪು ಹೇಳಿಯಾಗಿದೆ. ಅದೂ ನಮ್ಮ ರಾಜ್ಯದ ಮುಖ್ಯಮಂತ್ರಿಯೊಬ್ಬರನ್ನು ಸದನಕ್ಕೆ ಹೋಗೋಕೂ ಬಿಡದೆ 1989ರಲ್ಲಿ ವಜಾ ಮಾಡಿದ್ದರಿಂದ ಶುರುವಾದ ಪ್ರಕರಣ. ಈಗ ರಾಜ್ಯಪಾಲರು ತಪ್ಪು ಬಾಗಿಲು ತಟ್ಟಿದರೂ ಕೋರ್ಟು ಕೆಲವೇ ದಿನದಲ್ಲಿ ಸರಿ ಮಾಡಿಸುತ್ತೆ. ಸರ್ಕಾರ ಬಂದ ಮೇಲಿನ ಹದಿನಾಲ್ಕು ತಿಂಗಳನ್ನು ಯಾವ ಕೋರ್ಟೂ ಸರಿ ಮಾಡಲ್ಲ.

ಆ ಹದಿನಾಲ್ಕು ತಿಂಗಳ ಕತೆ ಕುರ್ಚಿಯದ್ದೇ. 34ರಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ ಮುಖ್ಯಮಂತ್ರಿ ಸೇರಿ 12. ಕಡಿಮೆ ಶಾಸಕರಿರೋ ಪಕ್ಷಕ್ಕೆ ಮುಖ್ಯಮಂತ್ರಿ ಸ್ಥಾನವೂ ಹಣಕಾಸು ಖಾತೆಯೂ ಹೋದವು. ವಿಶ್ವಾಸಮತದ ಹೊತ್ತಿಗೆ ಸರ್ಕಾರದ ಹತ್ತಿರ 117 ಇತ್ತು. ಅಂದರೆ ಸಂಖ್ಯೆ ಸಾಕಷ್ಟಿತ್ತು. ಸಾಲದೇ ಬಂದಿದ್ದು ಹಂಚೋ ಪಾಲು. 2018ರ ಡಿಸೆಂಬರ್‌ನಲ್ಲಿ ಎಂಟು ಕಾಂಗ್ರೆಸ್ ಶಾಸಕರನ್ನು ಸೇರಿಸಿಕೊಳ್ಳೋಕೆ ಇಬ್ಬರನ್ನು ಕೈಬಿಟ್ಟರು. ರಮೇಶ್ ಜಾರಕಿಹೊಳಿ ಒಬ್ಬರು. ಇನ್ನೊಬ್ಬರು ಹರಿಹರದಿಂದ ತುಂಗಭದ್ರೆ ದಾಟಿದರೆ ಸಿಗೋ ರಾಣೆಬೆನ್ನೂರಿನ ಆರ್. ಶಂಕರ್. ಮುಂದೆ ಸರ್ಕಾರ ಬಿದ್ದಾಗ ಅನರ್ಹರಾದ 17 ಜನರ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು. 2019ರ ಜುಲೈ 23ರಂದು ವಿಶ್ವಾಸಮತದ ಪರ 99, ವಿರುದ್ಧ 105. ಬಿಜೆಪಿ 113 ತಲುಪಿರಲಿಲ್ಲ. 105ಕ್ಕೇ ನಿಂತಿತ್ತು. ಸದನ ಅದರ ಅಳತೆಗೆ ಇಳಿದಿತ್ತು ಅಷ್ಟೇ.

ಈಗ ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಕಡೆ ಬರೋಣ. ಮೈತ್ರಿ ಸರ್ಕಾರ ಅಂದರೆ ಬೆಂಗಳೂರಿನ ರೆಸಾರ್ಟು, ದೆಹಲಿಯ ಹೈಕಮಾಂಡ್ ಅಂತಲೇ ಮಾತು ಮುಗಿಯುತ್ತೆ. ಅದರ ನಷ್ಟ ಬೀಳೋದು ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ನಡೆಯೋ ಕೆಡಿಪಿ ಸಭೆಯ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆ) ಮೇಲೆ. ಜಿಲ್ಲಾ ಉಸ್ತುವಾರಿ ಸಚಿವರು ಆ ಸಭೆಗೆ ಅಧ್ಯಕ್ಷರು. ಬರ ಪರಿಹಾರ, ಕುಡಿಯೋ ನೀರು, ಬಿತ್ತನೆ ಬೀಜ, ಭದ್ರಾ ನಾಲೆಯ ಕೊನೇ ಭಾಗಕ್ಕೆ ನೀರು, ಭದ್ರಾ ಮೇಲ್ದಂಡೆ ಕಾಮಗಾರಿ, ಎಲ್ಲದಕ್ಕೂ ಅಧಿಕಾರಿಗಳು ಉತ್ತರ ಹೇಳಬೇಕಾದ ಜಾಗ ಅದು. ಅಲ್ಲಿ ಕೂರೋರು ಯಾರು ಅನ್ನೋದು 34ರ ಹಂಚಿಕೆಯಲ್ಲೇ ತೀರ್ಮಾನ ಆಗುತ್ತೆ.

2018ರಲ್ಲಿ ಚಿತ್ರದುರ್ಗದ ಆರರಲ್ಲಿ ಐದು, ಈಗಿನ ದಾವಣಗೆರೆ ಜಿಲ್ಲೆಯ ಏಳರಲ್ಲಿ ಐದು ಬಿಜೆಪಿಗೆ ಹೋದವು. ಮೈತ್ರಿ ಸರ್ಕಾರದ ಕಡೆ ಉಳಿದವರು ಮೂವರು: ಚಳ್ಳಕೆರೆ, ಹರಿಹರ, ದಾವಣಗೆರೆ ದಕ್ಷಿಣದ ಕಾಂಗ್ರೆಸ್ ಶಾಸಕರು. ಮೂವರಲ್ಲಿ ಒಬ್ಬರೂ ಮಂತ್ರಿಯಾಗಲಿಲ್ಲ. ದಾವಣಗೆರೆಗೆ ಉಸ್ತುವಾರಿಯಾಗಿ ಬಂದವರು ಗುಬ್ಬಿಯ ಎಸ್.ಆರ್. ಶ್ರೀನಿವಾಸ್. ಚಿತ್ರದುರ್ಗಕ್ಕೆ ಪಾವಗಡದ ವೆಂಕಟರಮಣಪ್ಪ, 2008ರ ಪಕ್ಷೇತರರಲ್ಲಿ ಒಬ್ಬರಾಗಿದ್ದ ಅವರೇ. ಇಬ್ಬರೂ ತುಮಕೂರು ಜಿಲ್ಲೆಯವರು. ಮೈತ್ರಿಗೆ ಇಲ್ಲಿ ಶಾಸಕರು ಕಡಿಮೆ, ಹಾಗಾಗಿ ಪಾಲೂ ಕಡಿಮೆ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಆದರೆ 2019ರಲ್ಲಿ ಸರ್ಕಾರ ಬದಲಾಯಿತಲ್ಲ. ಎರಡು ಜಿಲ್ಲೆಯ 13 ಶಾಸಕರಲ್ಲಿ 10 ಜನ ಈಗ ಆಡಳಿತ ಪಕ್ಷದವರು. ಪಾಲು ಬರಬೇಕಿತ್ತು ಅಲ್ವಾ? ಜುಲೈ 26ರಂದು ಯಡಿಯೂರಪ್ಪ ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು. ಆಗಸ್ಟ್ 20ರವರೆಗೆ ಇಡೀ ಮಂತ್ರಿಮಂಡಲ ಅಂದರೆ ಅವರೊಬ್ಬರೇ. ಅದೇ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ಪ್ರವಾಹ ಬಂದು ಊರೂರು ಮುಳುಗಿದ್ದವು. ಕಂದಾಯ ಮಂತ್ರಿ ಇಲ್ಲ, ಉಸ್ತುವಾರಿ ಮಂತ್ರಿ ಇಲ್ಲ. ಆಮೇಲೆ ಬಂದವರೂ 17 ಜನ ಮಾತ್ರ. ಉಳಿದ ಕುರ್ಚಿಗಳನ್ನು ಖಾಲಿ ಇಟ್ಟಿದ್ದು ಯಾಕೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ರಾಜೀನಾಮೆ ಕೊಟ್ಟು ಬಂದವರು ಉಪಚುನಾವಣೆ ಗೆದ್ದು ಬರಬೇಕಿತ್ತು. ಡಿಸೆಂಬರ್‌ನ 15 ಉಪಚುನಾವಣೆಗಳಲ್ಲಿ ಬಿಜೆಪಿ 12 ಗೆದ್ದಿತು. 2020ರ ಫೆಬ್ರುವರಿ 6ರಂದು ಹಾಗೆ ಗೆದ್ದ ಹತ್ತು ಜನ ಒಟ್ಟಿಗೆ ಮಂತ್ರಿಗಳಾದರು.

ಚಿತ್ರದುರ್ಗಕ್ಕೆ ಮೊಳಕಾಲ್ಮೂರಿನಿಂದ ಗೆದ್ದಿದ್ದ ಶ್ರೀರಾಮುಲು ಮಂತ್ರಿಯಾಗಿ ಸಿಕ್ಕರು. ಐದು ಶಾಸಕರನ್ನು ಕೊಟ್ಟ ದಾವಣಗೆರೆ ಜಿಲ್ಲೆಗೆ 2019ರಿಂದ 2023ರವರೆಗೆ, ಯಡಿಯೂರಪ್ಪ ಇದ್ದಾಗಲೂ ಬಸವರಾಜ ಬೊಮ್ಮಾಯಿ ಬಂದಾಗಲೂ, ಒಂದೇ ಒಂದು ಮಂತ್ರಿ ಸ್ಥಾನ ಸಿಗಲಿಲ್ಲ. ಹೊನ್ನಾಳಿ ಶಾಸಕರಿಗೆ ಮುಖ್ಯಮಂತ್ರಿಯ ರಾಜಕೀಯ ಕಾರ್ಯದರ್ಶಿ ಹುದ್ದೆ, ಚನ್ನಗಿರಿ ಶಾಸಕರಿಗೆ ಸಾಬೂನು ಕಾರ್ಖಾನೆಯ ಅಧ್ಯಕ್ಷಗಿರಿ. ಪಕ್ಕದ ಹೊಳಲ್ಕೆರೆಗೆ ಕೆಎಸ್‌ಆರ್‌ಟಿಸಿ. ನಿಗಮ-ಮಂಡಳಿ ಅಂದರೆ ಹೀಗೆ, 34ರ ಹೊರಗೆ ಹಾಕಿದ ಪಂಕ್ತಿ. ಕಾರು, ಕಚೇರಿ, ಸಂಪುಟ ದರ್ಜೆ ಎಲ್ಲ ಸಿಗಬಹುದು, ಸಂಪುಟ ಸಭೆಗೆ ಪ್ರವೇಶ ಇಲ್ಲ.

ದಾವಣಗೆರೆಗೆ ಉಸ್ತುವಾರಿಯಾಗಿ ಬಂದವರಲ್ಲಿ ಒಬ್ಬರು ಬೈರತಿ ಬಸವರಾಜ್. ಬೆಂಗಳೂರಿನ ಕೆ.ಆರ್. ಪುರದವರು. ಚಿತ್ರದುರ್ಗಕ್ಕೆ ಆಮೇಲೆ ಬಂದವರು ಹಿರೇಕೆರೂರಿನ ಬಿ.ಸಿ. ಪಾಟೀಲ್. ಇಬ್ಬರೂ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು, ಇಬ್ಬರೂ ಆ ಹದಿನೇಳರಲ್ಲಿ ಇದ್ದವರು. ಅವರು ಕೆಲಸ ಚೆನ್ನಾಗಿ ಮಾಡಿದರೋ ಇಲ್ಲವೋ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ನಾನು ಕೈ ಹಾಕಲ್ಲ. ದಾವಣಗೆರೆ, ಚಿತ್ರದುರ್ಗದ ಮತದಾರ ಕಮಲಕ್ಕೆ ಒತ್ತಿ ಹತ್ತು ಜನರನ್ನು ಗೆಲ್ಲಿಸಿದ. ಅವನ ಜಿಲ್ಲೆಯ ಕೆಡಿಪಿ ಸಭೆಯಲ್ಲಿ ಕೂತವರು ಅದೇ ಚುನಾವಣೆಯಲ್ಲಿ ಬೇರೆ ಊರಲ್ಲಿ ಕೈ ಗುರುತಿಗೆ ಮತ ಕೇಳಿದ್ದವರು. ಪಕ್ಷ ಗೆದ್ದ ಜಿಲ್ಲೆಗೇ ಹೀಗಾದರೆ ಸೋತ ಜಿಲ್ಲೆಯ ಪಾಡೇನು?

ಇದನ್ನು ಬಿಜೆಪಿಯ ತಪ್ಪು ಅಂತ ಮಾತ್ರ ಓದಬೇಡಿ. ಅಂಚಿನ ಬಹುಮತ ಯಾರಿಗೆ ಬಂದರೂ ಲೆಕ್ಕ ಹೀಗೇ ತಿರುಗುತ್ತೆ. ಸರ್ಕಾರ ತರೋಕೆ ಹೊರಗಿನವರ ಋಣ ಬೇಕಾಯಿತು. ಋಣ ತೀರಿಸೋಕೆ ಇರೋದು ಅದೇ 34. ಅವರಿಗೆ ಕೊಟ್ಟಷ್ಟೂ ನಂಬಿಕಸ್ತ ಜಿಲ್ಲೆಗಳ ಪಾಲಿನಿಂದ ಕಡಿಯಬೇಕು. ಯಾಕಂದರೆ ನಂಬಿಕಸ್ತರು ಎಲ್ಲೂ ಹೋಗಲ್ಲ ಅನ್ನೋ ಧೈರ್ಯ. ಮುಳಬಾಗಿಲಿನ ಪಕ್ಷೇತರ ಎಚ್. ನಾಗೇಶ್ ಅವರನ್ನೇ ನೋಡಿ. 2019ರ ಜೂನ್‌ನಲ್ಲಿ ಕುಮಾರಸ್ವಾಮಿ ಸಂಪುಟಕ್ಕೆ ಬಂದರು, ಆಗಸ್ಟ್‌ನಲ್ಲಿ ಯಡಿಯೂರಪ್ಪ ಸಂಪುಟದಲ್ಲಿದ್ದರು, 2021ರ ಜನವರಿಯಲ್ಲಿ ಬೇರೆಯವರಿಗೆ ಜಾಗ ಬಿಡಬೇಕಾಯಿತು. ಅಷ್ಟು ಹೊತ್ತಿಗೆ ಬಿಜೆಪಿಗೆ ಸ್ವಂತ ಬಹುಮತ ಬಂದಿತ್ತು. ಹೊಸದುರ್ಗದಲ್ಲಿ ಹತ್ತು ವರ್ಷ ಮೊದಲು ನಡೆದದ್ದೂ ಇದೇ ಅಲ್ವಾ?

ಹಾಗಂತ ಮೈತ್ರಿಯೇ ಬೇಡ, ಒಂದೇ ಪಕ್ಷಕ್ಕೆ ದಪ್ಪ ಬಹುಮತ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1983ರಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 95. ಕಾಂಗ್ರೆಸ್ಸಿಗೆ 82. ರಾಮಕೃಷ್ಣ ಹೆಗಡೆ ಸರ್ಕಾರ ನಿಂತಿದ್ದು 18 ಸ್ಥಾನ ಗೆದ್ದಿದ್ದ ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದ ಮೇಲೆ. ಅಂಥ ಬಡ ಸರ್ಕಾರದ ಕಾಲದಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಯ ಕಾಯ್ದೆ ಸದನ ದಾಟಿತು. ಲೋಕಾಯುಕ್ತ ಕಾಯ್ದೆ ಬಂತು. ಜಿಲ್ಲೆಯ ಕೈಗೆ ಅಧಿಕಾರ ಕೊಡೋ ಕೆಲಸವನ್ನು ಮಾಡಿದ್ದು ಬಹುಮತವೇ ಇಲ್ಲದ ಸರ್ಕಾರ! ಹೇಗೆ ಸಾಧ್ಯವಾಯಿತು? ಕಾರಣ ಹಲವು ಇರಬಹುದು. ಒಂದು ಮಾತ್ರ ಕಣ್ಣಿಗೆ ಹೊಡೆಯುತ್ತೆ. ಬಿಜೆಪಿ, ಎಡಪಕ್ಷಗಳ ಬೆಂಬಲ ಹೊರಗಿನಿಂದ ಬಂದದ್ದು. ಅವರಿಗೆ ಕುರ್ಚಿ ಹಂಚಬೇಕಿರಲಿಲ್ಲ.

ಇಷ್ಟೆಲ್ಲ ಹಳೇ ಲೆಕ್ಕ ಈಗ ಯಾಕೆ ಅಂದರೆ, 2023ರಲ್ಲಿ ಕಾಂಗ್ರೆಸ್ಸಿಗೆ 135 ಬಂದಿದ್ದರಿಂದ ಮೈತ್ರಿಯ ಮಾತು ಮರೆತ ಹಾಗಾಗಿದೆ. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. 2024ರ ಲೋಕಸಭೆಗೆ ಬಿಜೆಪಿ ಜೊತೆ ಹಂಚಿಕೊಂಡು ನಿಂತಿತು. ಇದೇ ಹೊಂದಾಣಿಕೆ ಮುಂದಿನ ವಿಧಾನಸಭೆ ಚುನಾವಣೆವರೆಗೆ ನಡೆದರೆ ಸರ್ಕಾರಿಯಾ ಆಯೋಗ ಮೊದಲ ಸ್ಥಾನ ಕೊಟ್ಟ ಬಗೆಯ ಮೈತ್ರಿ ಅದು. ಮತ ಹಾಕೋ ಮುಂಚೆಯೇ ಯಾರ ಜೊತೆ ಯಾರು ಅಂತ ಮತದಾರನಿಗೆ ಗೊತ್ತಿರುತ್ತೆ. ಕಾಗದದ ಮೇಲೆ ಇದು ಒಳ್ಳೆಯದೇ. ರಾತ್ರೋರಾತ್ರಿ ಕೂಡಿಕೊಳ್ಳೋದಕ್ಕಿಂತ ಮರ್ಯಾದೆಯ ದಾರಿ.

ಕಷ್ಟ ಬರೋದು ತಾಲ್ಲೂಕಿನಲ್ಲಿ. ಹರಿಹರವನ್ನೇ ತೆಗೆದುಕೊಳ್ಳಿ. 2013ರಲ್ಲಿ ಜೆಡಿಎಸ್‌ನ ಎಚ್.ಎಸ್. ಶಿವಶಂಕರ್ ಗೆದ್ದರು. 2018ರಲ್ಲಿ ಕಾಂಗ್ರೆಸ್ಸಿನ ಎಸ್. ರಾಮಪ್ಪ. 2023ರಲ್ಲಿ ಬಿಜೆಪಿಯ ಬಿ.ಪಿ. ಹರೀಶ್. ಮೂರು ಚುನಾವಣೆ, ಮೂರು ಪಕ್ಷ. ಕಳೆದೆರಡು ಸಲ ಜೆಡಿಎಸ್ ಮೂರನೇ ಸ್ಥಾನಕ್ಕೆ ಹೋದರೂ ಅದರ ಮತ ಗೆದ್ದವರ ಅಂತರಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಮೈತ್ರಿಯಾದರೆ ಈ ಎರಡು ಪಕ್ಷಗಳಿಗೆ ಸೇರಿ ಟಿಕೆಟ್ ಒಂದೇ. ಬೂತ್ ಮಟ್ಟದಲ್ಲಿ ಇಷ್ಟು ವರ್ಷ ಒಬ್ಬರನ್ನೊಬ್ಬರು ಸೋಲಿಸಿಕೊಂಡು ಬಂದ ಕಾರ್ಯಕರ್ತರು ಈಗ ಒಂದೇ ಜೀಪಿನಲ್ಲಿ ಪ್ರಚಾರಕ್ಕೆ ಹೋಗಬೇಕು. 2019ರ ಲೋಕಸಭೆಯಲ್ಲಿ ಕಾಂಗ್ರೆಸ್-ಜೆಡಿಎಸ್ ಇದನ್ನೇ ಮಾಡೋಕೆ ಹೋಗಿ 28ರಲ್ಲಿ ತಲಾ ಒಂದು ಸ್ಥಾನಕ್ಕೆ ಇಳಿದಿದ್ದವು.

ಟಿಕೆಟ್ ಸಿಗದವರು ಏನು ಮಾಡುತ್ತಾರೆ ಅನ್ನೋದಕ್ಕೆ ಜಗಳೂರು ಇದೆ. 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಎಚ್.ಪಿ. ರಾಜೇಶ್ 2023ರಲ್ಲಿ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ಬಿ. ದೇವೇಂದ್ರಪ್ಪ ಸಾವಿರಕ್ಕೂ ಕಡಿಮೆ ಮತದಿಂದ ಬಿಜೆಪಿಯ ಎಸ್.ವಿ. ರಾಮಚಂದ್ರ ಅವರನ್ನು ಸೋಲಿಸಿದರು. ಮೂರನೇ ಸ್ಥಾನಕ್ಕೆ ಬಂದ ರಾಜೇಶ್ ಅವರ ಮತವೂ ಐವತ್ತು ಸಾವಿರದ ಹತ್ತಿರವೇ ಇತ್ತು. ಅದೇ ಸಲ ಪಕ್ಕದ ಹರಪನಹಳ್ಳಿಯಲ್ಲಿ ಪಕ್ಷೇತರ ಅಭ್ಯರ್ಥಿ ಲತಾ ಮಲ್ಲಿಕಾರ್ಜುನ್ ಗೆದ್ದೇಬಿಟ್ಟರು. 135 ಬಂದ ವರ್ಷವಾದ್ದರಿಂದ ಅವರ ಬೆಂಬಲಕ್ಕೆ ಯಾರೂ ಬೆಲೆ ಕಟ್ಟಬೇಕಾಗಲಿಲ್ಲ. ಕಾಂಗ್ರೆಸ್ 110ಕ್ಕೆ ನಿಂತಿದ್ದರೆ ಹರಪನಹಳ್ಳಿಗೆ ಒಂದು ಮಂತ್ರಿ ಸ್ಥಾನ ಗ್ಯಾರಂಟಿ ಇರುತ್ತಿತ್ತು. ಆ ಒಂದು ಸ್ಥಾನ ಕಾಂಗ್ರೆಸ್ಸಿಗೆ ಆರು ಶಾಸಕರನ್ನು ಕೊಟ್ಟ ದಾವಣಗೆರೆಯ ಪಾಲಿನಿಂದ ಹೋಗುತ್ತಿತ್ತೋ, ಐದು ಜನರನ್ನು ಕೊಟ್ಟ ಚಿತ್ರದುರ್ಗದ ಪಾಲಿನಿಂದಲೋ, ಅಷ್ಟೇ ಪ್ರಶ್ನೆ.